ದೂರು ಇತ್ಯರ್ಥವಾಗಿದೆ

"ಇದನ್ನ ಕೇಳೋರು ಯಾರೂ ಇಲ್ವಾ?"

ಹೀಗೆಂದವರು ನಮ್ಮ ಕನ್ನಡಕದ ಮಾವ. ಅಂದದ್ದು ಯಾರಿಗೂ ಅಲ್ಲ. ಅವರ ಎದುರಿಗೆ ಇದ್ದದ್ದು ಅಂಗಳದ ಮೂಲೆಯ ನಲ್ಲಿಯೊಂದೇ. ಅದು ಹಿಂದಿನ ಬೇಸಿಗೆಯಿಂದ ತೊಟ್ಟಿಕ್ಕುತ್ತಿತ್ತು. ಮಾವನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಒಂದು ಹನಿ ಉದುರಿಸಿ, ಮುಂದಿನ ಹನಿಯ ತಯಾರಿಯಲ್ಲಿ ತೊಡಗಿತು.

ಆಗ ಯಾರಾದರೂ "ಇಲ್ಲ ಮಾವ, ಯಾರೂ ಇಲ್ಲ, ಮನೆಗೆ ನಡೀರಿ" ಎಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಮ್ಮ ಸಮುಚ್ಚಯದವರೆಲ್ಲ ಈಗ ಹೇಳುತ್ತಾರೆ. ಈಗ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಮ್ಮದು ನಾಲ್ಕು ಕಟ್ಟಡ, ಒಂದು ಅಂಗಳ, ಒಂದು ಗೇಟು. ಇಷ್ಟನ್ನೂ ನೋಡಿಕೊಳ್ಳಲು ಒಂದು ನಿರ್ವಹಣಾ ಕಂಪನಿ. ನಲ್ಲಿ ಸೋರಿದರೆ ಕಂಪನಿಯವರು ಬಂದು ನೋಡುತ್ತಿದ್ದರು. ಮೆಟ್ಟಿಲು ಬಿರಿದರೆ ಬಂದು ನೋಡುತ್ತಿದ್ದರು. ನೋಡಿ, ತಲೆಯಾಡಿಸಿ, ಹೋಗುತ್ತಿದ್ದರು. ಅವರ ಮ್ಯಾನೇಜರ್ ಟೈ ಕಟ್ಟುವ ಹುಡುಗ. ಯಾವುದಕ್ಕೂ ಇಲ್ಲವೆನ್ನದ ಸ್ವಭಾವ. ಏನು ಕೇಳಿದರೂ "ಖಂಡಿತಾ ಸಾರ್" ಎನ್ನುತ್ತಿದ್ದ. ಹಾಗಾಗಿ ಅವನಿಗೆ ಖಂಡಿತ ಎಂದೇ ಹೆಸರಾಯಿತು.

ಮಾವ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು. ಈಗ ಅಂಗಡಿ ಅಳಿಯನ ಕೈಲಿದೆ. ಮಾವನ ಜೇಬಿನಲ್ಲಿ ಉಳಿದದ್ದು ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಮಾತ್ರ. ಯಾರ ಮುಖದ ಮೇಲೆ ಕನ್ನಡಕ ಓರೆಯಾಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಅವರಿಗೆ ಇನ್ನೊಂದು ಆಸ್ತಿಯಿತ್ತು. ಅವರ ತಾಯಿಗೆ ಒಂದು ದೀರ್ಘ ಕತೆ ಪದ್ಯರೂಪದಲ್ಲಿ ಬಾಯಿಗೆ ಬರುತ್ತಿತ್ತಂತೆ. ತಪ್ಪಿಸಿಕೊಂಡ ಕುದುರೆಯನ್ನು ಹುಡುಕುತ್ತಾ ಕಾಡು ಹೊಕ್ಕು, ತಾನೇ ತಪ್ಪಿಸಿಕೊಂಡ ಒಬ್ಬ ರಾಜನ ಕತೆ. ಕೇಳಿ ಕೇಳಿಯೇ ಅದು ಮಗನ ನಾಲಿಗೆಗೆ ಇಳಿದಿತ್ತು. ನಾಲಿಗೆ ಸಿದ್ಧವಾಗಿತ್ತು, ಕಿವಿಯೇ ಸಿಗುತ್ತಿರಲಿಲ್ಲ. ಮನೆಯಲ್ಲಿ ಬಾಯಿ ತೆರೆದರೆ ಅತ್ತೆ ಹೇಳುತ್ತಿದ್ದರು:

"ಮದುವೆಯಾದ ಹೊಸದರಲ್ಲೇ ಪೂರ್ತಿ ಕೇಳಿದೀನಿ. ಆಮೇಲೆ ಅದರಲ್ಲಿ ಹೊಸದೇನಾದ್ರೂ ನಡೆದಿದ್ರೆ ಹೇಳಿ."

ಆದ್ದರಿಂದ ಮಾವ ಸಂಜೆಯಾದರೆ ಗೇಟಿನ ಪಕ್ಕದ ತಗಡಿನ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಕಾವಲುಗಾರ ಗೇಟಣ್ಣ ಇದ್ದ. ನಮ್ಮ ಪಾರ್ಸೆಲ್ಲು, ನಮ್ಮ ಮನೆಯ ಕೀಲಿ, ನಾವು ಬಸ್ಸಿನಲ್ಲಿ ಬಿಡದೆ ಅವನ ಬಳಿ ಬಿಟ್ಟ ಕೊಡೆ, ಎಲ್ಲವೂ ಅವನ ಸುಪರ್ದಿನಲ್ಲಿ. ಮಾವ ಸ್ಟೂಲಿನ ಮೇಲೆ ಕುಳಿತು ರಾಜನನ್ನು ಕಾಡಿಗೆ ಕಳಿಸುತ್ತಿದ್ದರು. ಗೇಟಣ್ಣ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದ. ರಾಜ ಎರಡು ಹೆಜ್ಜೆ ಸಾಗುವುದರೊಳಗೆ ಗೇಟಣ್ಣನಿಗೆ ನಿದ್ದೆ ಬರುತ್ತದೆ ಎಂದು ನಾವು ನಗುತ್ತಿದ್ದೆವು. ಮಾವನಿಗೂ ಅದೇ ಅನುಮಾನ. ಆದರೂ ಎದ್ದು ಹೋಗದವನು ಅವನೊಬ್ಬನೇ.

ನಲ್ಲಿಯ ಮುಂದೆ ಮಾವ ಪ್ರಶ್ನೆ ಕೇಳಿದ ವಾರವೇ ಸರ್ಕಾರ ಉತ್ತರ ಕೊಟ್ಟಿತು. ನಿರ್ವಹಣಾ ಕಂಪನಿಗಳನ್ನು ಹದ್ದುಬಸ್ತಿನಲ್ಲಿಡಲು ಹೊಸ ನಿಯಮ ಬಂತು. ವಸತಿ ಇಲಾಖೆಯ ಅಧಿಕಾರಿಯೊಬ್ಬರು ಬಂದು ನಮ್ಮನ್ನೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿ ಅದನ್ನು ಓದಿದರು. ಪ್ರತಿ ದೂರೂ ಒಂದು ವಾರದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಕಂಪನಿಯ ಪರವಾನಗಿ ರದ್ದು. ದೂರು ಕೊಡುವುದಕ್ಕೂ, ಇತ್ಯರ್ಥವಾಯಿತೆಂದು ಒಪ್ಪಿಗೆ ಕೊಡುವುದಕ್ಕೂ ನಿವಾಸಿಗಳಲ್ಲೇ ಒಬ್ಬರು ವೀಕ್ಷಕರಾಗಬೇಕು.

"ಯಾರಾಗ್ತೀರಿ?" ಎಂದರು ಅಧಿಕಾರಿ.

ನೆಲದ ಮೇಲೆ ಎಣ್ಣೆಯ ಕಲೆ ಇತ್ತು. ನಾವೆಲ್ಲ ಅದನ್ನು ಮನಸ್ಸಿಟ್ಟು ನೋಡಿದೆವು. ಮಾವನೊಬ್ಬರು ಮಾತ್ರ ತಲೆಯೆತ್ತಿ ಅಧಿಕಾರಿಯ ಮುಖವನ್ನು ನೋಡುತ್ತಿದ್ದರು. ಅಧಿಕಾರಿಯ ಕನ್ನಡಕದ ಎಡಗಡ್ಡಿ ಸಡಿಲವಾಗಿ, ಒಂದೊಂದು ಕಲಮು ಓದುವಾಗಲೂ ಒಂದೊಂದು ಕೂದಲೆಳೆ ಕೆಳಗಿಳಿಯುತ್ತಿತ್ತು. ಮಾವ ತಡೆದರು, ತಡೆದರು, ಕೊನೆಗೆ ಕೈ ಎತ್ತಿದರು.

"ನಿಮ್ದು ಎಡಗಡೆ..." ಎಂದು ಶುರು ಮಾಡಿದ್ದಷ್ಟೇ. ಉಳಿದದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಚಪ್ಪಾಳೆ ಅಷ್ಟು ಜೋರಾಗಿ ಬೀಳಲು ಕಾರಣ, ನಮ್ಮಲ್ಲಿ ಪ್ರತಿಯೊಬ್ಬರೂ ತಾನು ಬಚಾವಾದ ಸಂತೋಷವನ್ನೂ ಅದರಲ್ಲಿ ಸೇರಿಸಿದ್ದು. ಮಾವ ಮುಂದೆ ಹೋಗಿ ಅಧಿಕಾರಿಯ ಕನ್ನಡಕ ತೆಗೆದು ತಿರುಪು ಬಿಗಿ ಮಾಡಿಕೊಟ್ಟರು. ಅಧಿಕಾರಿ ಅವರ ಕೊರಳಿಗೆ ನೀಲಿ ಪಟ್ಟಿಯ ಬಿಲ್ಲೆ ಹಾಕಿದರು. ಅದರ ಮೇಲೆ 'ನಿವಾಸಿ ವೀಕ್ಷಕರು' ಎಂದಿತ್ತು. ಮಾವ ಅದನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು. ಎರಡೂ ದೂರದಲ್ಲಿ ಅದು ಅವರಿಗೆ ಸ್ಪಷ್ಟವಾಗಿ ಕಂಡಿತು.

ಅತ್ತೆಗೆ ಮಾತ್ರ ಬೇರೆಯದೇ ಕಂಡಿತು. "ಮಲಗುವಾಗಾದ್ರೂ ತೆಗೀತೀರೋ ಹೇಗೆ?"

"ಅಧಿಕಾರ ಅಂದ್ರೆ ಜವಾಬ್ದಾರಿ ಕಣೇ."

"ಹಾಗಿದ್ರೆ ಆ ಕಸದ ಬುಟ್ಟಿ ಹೊರಗಿಟ್ಟು ಬನ್ನಿ. ಅದೂ ಜವಾಬ್ದಾರೀನೇ."

ಮಾವ ಬಿಲ್ಲೆ ಹಾಕಿಕೊಂಡೇ ಬುಟ್ಟಿ ಇಟ್ಟು ಬಂದರು.

ಮೊದಲ ದೂರು ನಲ್ಲಿಯದು. 'ಅಂಗಳದ ನಲ್ಲಿ ಸೋರುತ್ತದೆ' ಎಂದು ಫೋನಿನಲ್ಲಿ ಬರೆದು ಕಳಿಸಿದರು. ಎರಡೇ ದಿನದಲ್ಲಿ ಟಪ್‌ ಟಪ್‌ ಸದ್ದು ನಿಂತಿತು. ಮಾವ ಹಿಗ್ಗಿನಿಂದ ಅಂಗಳಕ್ಕಿಳಿದರು. ಸೋರಿಕೆ ನಿಂತಿತ್ತು. ಜೊತೆಗೆ ನಲ್ಲಿಯೂ ಇರಲಿಲ್ಲ. ಕೊಳವೆಯ ಬಾಯಿಗೆ ಗಟ್ಟಿಯಾದ ಬಿರಡೆ ಜಡಿದಿತ್ತು. ಪಕ್ಕದಲ್ಲಿ ಖಂಡಿತ ಫೋನ್ ಹಿಡಿದು ಒಪ್ಪಿಗೆಗೆ ಕಾಯುತ್ತಿದ್ದ.

"ನಲ್ಲಿ ಎಲ್ಲಿ?"

"ಸಾರ್, ಸೋರೋದು ನಿಂತಿದೆ ತಾನೇ?"

"ನಿಂತಿದೆ."

"ನೀವು ಕೊಟ್ಟ ದೂರು ಸೋರೋದರ ಬಗ್ಗೆ ತಾನೇ?"

"ಹೌದು."

"ಹಾಗಾದ್ರೆ ಇಲ್ಲೊಂದು ಒತ್ತಿಬಿಡಿ ಸಾರ್."

ಮಾವ ನ್ಯಾಯವಂತರು. ಸೋರುವುದು ನಿಂತಿರುವಾಗ ನಿಂತಿಲ್ಲ ಎಂದು ಹೇಗೆ ಹೇಳುವುದು? ಒತ್ತಿದರು. 'ದೂರು ಇತ್ಯರ್ಥವಾಗಿದೆ' ಎಂದು ಹಸಿರು ಅಕ್ಷರ ಮೂಡಿತು. ಮರುದಿನದಿಂದ ಗಿಡಗಳಿಗೆ ನೀರು ಹಾಕುವವನು ಮೂರನೇ ಮಹಡಿಯವರ ಬಚ್ಚಲಿನಿಂದ ಬಕೆಟ್ ಹೊತ್ತು ಇಳಿಯತೊಡಗಿದ. ದಾರಿಯುದ್ದಕ್ಕೂ ಅವನು ಯಾರನ್ನೋ ಬೈಯುತ್ತಿದ್ದ. ಹೆಸರು ಮಾತ್ರ ಹೇಳುತ್ತಿರಲಿಲ್ಲ.

ಎರಡನೆಯದು ಬೆಂಚು. ನೆಲಮಹಡಿಯಲ್ಲಿ ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ ಒಬ್ಬರಿದ್ದಾರೆ. ನಾವೆಲ್ಲ ಹೆಡ್‌ಮಿಸ್ ಅನ್ನುತ್ತೇವೆ. ಅವರು ಬೆಳಗಿನ ಪೇಪರು ಓದುವುದು ಅಂಗಳದ ಬೆಂಚಿನ ಮೇಲೆ. ಬೆಂಚಿನ ಒಂದು ಕಾಲು ಗಿಡ್ಡ. ಮಾವ ಒಮ್ಮೆ ಕುಳಿತರು, ಬೆಂಚು ಅಲುಗಿತು, ಅವರ ಕೈ ಫೋನಿಗೆ ಹೋಯಿತು.

"ಬೇಡ," ಎಂದರು ಹೆಡ್‌ಮಿಸ್, ಪೇಪರಿನಿಂದ ಕಣ್ಣೆತ್ತದೆ. "ಇದು ಅಲುಗೋದು ನನಗೆ ಅಭ್ಯಾಸ ಆಗಿದೆ. ಒಳ್ಳೆ ಸುದ್ದಿಗೆ ಈ ಕಡೆ, ಕೆಟ್ಟ ಸುದ್ದಿಗೆ ಆ ಕಡೆ."

"ನಿಮಗೋಸ್ಕರಾನೇ ಮಿಸ್."

ಅಲುಗಾಟ ನಿಂತಿತು. ಬೆಂಚು ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಉಳಿಯಿತು, ಅದರಲ್ಲಿ ಒಂದು ತುಸು ಆಳ ಕಡಿಮೆ. ಹೆಡ್‌ಮಿಸ್ ಮರುದಿನ ಅದೇ ಹೊತ್ತಿಗೆ ಬಂದರು. ನಾಲ್ಕು ಗುರುತಿನ ನಡುವೆ ನಿಂತರು. ಪೇಪರು ಬಿಡಿಸಿ ನಿಂತುಕೊಂಡೇ ಓದಿದರು. ಅಂದಿನಿಂದ ದಿನವೂ ಹಾಗೇ. ಮಾವ ಆ ಹೊತ್ತಿಗೆ ಹಿಂದಿನ ಮೆಟ್ಟಿಲಿನಿಂದ ಇಳಿಯುವುದನ್ನು ರೂಢಿ ಮಾಡಿಕೊಂಡರು.

ಹಿಂದಿನ ಮೆಟ್ಟಿಲಿನಲ್ಲಿ ದೀಪ ಮಿಣುಕುತ್ತಿತ್ತು. ಅದೇ ಮೂರನೆಯ ದೂರು. ಈಗ ಅಲ್ಲಿ ಮಿಣುಕುವುದಿಲ್ಲ. ಟಾರ್ಚು ಹಿಡಿದು ಹತ್ತಬೇಕು.

ಇಷ್ಟಾದ ಮೇಲೆ ನಮ್ಮ ಜನ ಎಚ್ಚೆತ್ತರು. ಅಂಥ ಒಗ್ಗಟ್ಟು ನಮ್ಮಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ. ಮಾವ ಬರುತ್ತಿದ್ದಾರೆಂದರೆ ಮಹಡಿಯಿಂದ ಮಹಡಿಗೆ ಸಿಳ್ಳೆ ಹೋಗುತ್ತಿತ್ತು. ಎರಡನೇ ಮಹಡಿಯ ದರ್ಜಿ ಗೋಡೆಯ ತೇವದ ಕಲೆಗೆ ಬೆನ್ನಾನಿಸಿ ನಿಂತು "ಹವಾ ಚೆನ್ನಾಗಿದೆ ಅಲ್ವಾ ಮಾವ" ಎನ್ನುತ್ತಿದ್ದ. ಅವನ ಹೆಂಡತಿ ಒಡೆದ ಹಾಸುಗಲ್ಲಿನ ಮೇಲೆ ಮಗುವನ್ನು ಕೂರಿಸಿ, ಮಗು ಎದ್ದರೆ ತಾನೇ ಕೂರುತ್ತಿದ್ದಳು. ಲಿಫ್ಟು ಕಿರುಗುಟ್ಟುವಾಗ ಒಳಗಿದ್ದವರೆಲ್ಲ ಕೆಮ್ಮುತ್ತಿದ್ದರು. ಲಿಫ್ಟೊಂದು ಉಳಿದದ್ದು ಆ ಕೆಮ್ಮಿನಿಂದ.

ಮಾವನಿಗೆ ಇದರಿಂದ ಬಂದ ತೀರ್ಮಾನವೆಂದರೆ, ತಮ್ಮ ಮೇಲ್ವಿಚಾರಣೆಯಲ್ಲಿ ಸಮುಚ್ಚಯ ದಿನೇದಿನೇ ಸುಧಾರಿಸುತ್ತಿದೆ. ಆದರೂ ನಲ್ಲಿ, ಬೆಂಚು, ದೀಪ ಅವರ ಮನಸ್ಸನ್ನು ಕೊರೆಯುತ್ತಿದ್ದವು. ಎಲ್ಲಿ ತಪ್ಪಿದೆ ಎಂದು ಬಹಳ ಯೋಚಿಸಿ, ಒಂದು ಸಂಜೆ ಕಂಡುಹಿಡಿದರು.

"ಗೇಟಣ್ಣ, ನಾನು ಚುಟುಕಾಗಿ ಬರೆದದ್ದೇ ತಪ್ಪಾಯ್ತು ಕಣೋ. ಸೋರುತ್ತದೆ, ಅಲುಗುತ್ತದೆ, ಮಿಣುಕುತ್ತದೆ. ಒಂದೊಂದೇ ಮಾತು. ಅವರಿಗೆ ಭಾವ ಹೇಗೆ ತಿಳೀಬೇಕು? ವಿಸ್ತಾರವಾಗಿ ಬರೀಬೇಕು."

ಗೇಟಣ್ಣ ಕಣ್ಣು ತೆರೆದ. ಸಂಜೆಯ ಬಿಸಿಲಿಗೂ ಆ ತಗಡಿನ ಕೋಣೆ ಕಾದ ಕಾವಲಿಯಂತಿತ್ತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಾವನ ದೃಷ್ಟಿ ಅದರ ಮೇಲೆ ಬಿತ್ತು.

"ನಿನಗೊಂದು ಫ್ಯಾನ್ ಹಾಕಿಸ್ತೀನಿ."

"ಬೇಡಿ ಯಜಮಾನರೇ. ಬಿಸಿಲಿಗೆ ನಾನು ಹೊಂದ್ಕೊಂಡಿದೀನಿ, ನನಗೆ ಬಿಸಿಲೂ ಹೊಂದ್ಕೊಂಡಿದೆ."

"ಸುಮ್ನಿರು. ಒಳ್ಳೆ ಮಾತಲ್ಲಿ ಬರೀತೀನಿ."

"ನಲ್ಲಿ ಮೇಲೆ ಬರೆದ್ರಿ. ಬೆಂಚಿನ ಮೇಲೆ ಬರೆದ್ರಿ. ನನ್ನ ಮೇಲೆ ಮಾತ್ರ ಬರೀಬೇಡಿ."

"ನಿನ್ನ ಮೇಲಲ್ಲವೋ, ನಿನ್ನ ಪರವಾಗಿ."

"ಎರಡೂ ಹೋಗಿ ಬೀಳೋದು ಒಂದೇ ಡಬ್ಬಿಗಲ್ವಾ?" ಎಂದ ಗೇಟಣ್ಣ. ಮಾವ ನಕ್ಕರು. ಆ ಸಂಜೆ ರಾಜ ಕಾಡಿನಲ್ಲಿ ಹಸಿವಿನಿಂದ ಮರದಡಿ ಬಿದ್ದಿದ್ದ. ಅವನನ್ನು ಅಲ್ಲೇ ಬಿಟ್ಟು ಮಾವ ಬೇಗ ಮನೆಗೆ ಹೋದರು.

ಅವರು ಬರೆದ ದೂರು ಅವರ ಜೀವಮಾನದ ಶ್ರೇಷ್ಠ ರಚನೆ. ಅದರಲ್ಲಿ ನನಗೆ ಸಂಶಯವಿಲ್ಲ. ತಾಯಿ ಹೇಳುತ್ತಿದ್ದ ಪದ್ಯಗಳಲ್ಲಿ ಮೊದಲು ಸೂರ್ಯನ ವರ್ಣನೆ, ಆಮೇಲೆ ಭೂಮಿಯ ವರ್ಣನೆ, ಆಮೇಲೆ ಆಳಿನ ಅವಸ್ಥೆ, ಕೊನೆಗೆ ಪ್ರಾರ್ಥನೆ. ಮಾವ ಅದೇ ಕ್ರಮ ಹಿಡಿದರು. 'ನಡುಹಗಲ ಸೂರ್ಯನು ನೆತ್ತಿಯ ಮೇಲೆ ನಿಂತಿರಲು, ಗೇಟಿನ ಕಾವಲುಗಾರನು ಬಾಡಿದ ಬಳ್ಳಿಯಂತೆ ತಲೆ ಬಾಗಿಸಿ, ಕಣ್ಣು ಮುಚ್ಚಿ, ನಿದ್ರೆಗೆ ವಶನಾಗಿ ಕುಳಿತಿರುವ ದೃಶ್ಯವು ನೋಡುವವರ ಕರುಳನ್ನು...' ಹೀಗೆ ಸಾಗಿ, ಫ್ಯಾನು ಎಂಬ ಮಾತು ಕಟ್ಟಕಡೆಯ ಸಾಲಿನಲ್ಲಿ ಬರುತ್ತದೆ.

ಕಂಪನಿಯ ಕಚೇರಿಯಲ್ಲಿ ದೂರು ತೆರೆದರೆ ಪರದೆಯ ಮೇಲೆ ಮೊದಲಿನ ಕೆಲವು ಸಾಲು ಮಾತ್ರ ಕಾಣುತ್ತವಂತೆ. ಉಳಿದದ್ದು ಬೇಕಾದರೆ ಇನ್ನೊಮ್ಮೆ ಒತ್ತಬೇಕು. ವಾರದೊಳಗೆ ಇತ್ಯರ್ಥ ಮಾಡಬೇಕಾದವರು ಇನ್ನೊಮ್ಮೆ ಒತ್ತುತ್ತಾ ಕೂರುವುದಿಲ್ಲ.

ಇತ್ಯರ್ಥದ ಸುದ್ದಿ ಬಂದಾಗ ಮಾವ ಕ್ಷೌರದಂಗಡಿಯಲ್ಲಿ ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು ಕುಳಿತಿದ್ದರು. ಫೋನು ಕಿಣಿಗುಟ್ಟಿತು. 'ನಿಮ್ಮ ದೂರು ಇತ್ಯರ್ಥವಾಗಿದೆ. ಒಪ್ಪಿಗೆಯೇ?'

"ಫ್ಯಾನ್ ಬಂತು," ಎಂದರು ಮಾವ ಕನ್ನಡಿಗೆ.

"ತಲೆ ಅಲ್ಲಾಡಿಸಬೇಡಿ," ಎಂದ ಕ್ಷೌರದವನು.

ಮಾವ ತಲೆ ಅಲ್ಲಾಡಿಸಲಿಲ್ಲ. ಬಟ್ಟೆಯ ಕೆಳಗಿನಿಂದ ಹೆಬ್ಬೆರಳು ಮಾತ್ರ ಹೊರಗೆ ತಂದು ಒಪ್ಪಿಗೆ ಒತ್ತಿದರು. ನೋಡದೆ ಒತ್ತಿದ್ದು ಅದೊಂದೇ ಸಲ.

ಹೊಸ ಗಾಳಿಯಲ್ಲಿ ಕುಳಿತ ಕೇಳುಗನಿಗೆ ಯಾವ ಭಾಗ ಹೇಳುವುದೆಂದು ದಾರಿಯುದ್ದಕ್ಕೂ ಗುನುಗುತ್ತಾ ಬಂದರು. ಗೇಟಿನ ಬಳಿ ತಗಡಿನ ಕೋಣೆಗೆ ಬೀಗ ಬಿದ್ದಿತ್ತು. ದಾರಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟೆಯ ಕೋಲು. ಪಕ್ಕದ ಕಂಬದೊಳಗಿಂದ ಒಂದು ಹೆಂಗಸಿನ ದನಿ ಕೇಳಿತು: "ನಿಮ್ಮ ಗುರುತು ತಿಳಿಸಿ."

"ನಾನಮ್ಮ, ಕನ್ನಡಕದವನು."

"ನಿಮ್ಮ ಗುರುತು ತಿಳಿಸಿ."

ಮಾವ ಬಿಲ್ಲೆ ಎತ್ತಿ ಕಂಬಕ್ಕೆ ತೋರಿಸಿದರು. "ವೀಕ್ಷಕರು."

"ನಿಮ್ಮ ಗುರುತು ತಿಳಿಸಿ."

"ಗೇಟಣ್ಣ ಎಲ್ಲಮ್ಮ?"

ಅದಕ್ಕೂ ಅದೇ ಉತ್ತರ. ಮಾವ ಮಂಡಿ ಹಿಡಿದುಕೊಂಡು ಕೋಲಿನ ಕೆಳಗೆ ನುಸುಳಿದರು. ನೀಲಿ ಪಟ್ಟಿ ಕೋಲಿಗೆ ಸಿಕ್ಕಿಕೊಂಡು ಅವರನ್ನು ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಸಿ ನಿಲ್ಲಿಸಿತು.

ಖಂಡಿತ ತನ್ನ ಕೋಣೆಯಲ್ಲಿ ನಗುತ್ತಾ ಎದ್ದು ನಿಂತ.

"ಅವನು ಎಲ್ಲಪ್ಪ?"

"ತೆಗೆದುಬಿಟ್ವಿ ಸಾರ್. ಮಲಗ್ತಾನೆ ಅಂತ ನೀವು ಬರೆದಿದ್ರಲ್ಲ."

"ಪೂರ್ತಿ ಓದಿದೆಯಾ? ಬಿಸಿಲಿಗೆ ಬಾಡ್ತಾನೆ, ಫ್ಯಾನ್ ಬೇಕು ಅಂತ ಬರೆದಿದ್ದೆ."

ಹುಡುಗ ಫೋನು ತೆಗೆದು, ಇನ್ನೊಮ್ಮೆ ಒತ್ತಿ, ಕೊನೆಯವರೆಗೂ ಓದಿದ. ಓದುತ್ತಾ ಅವನ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ಮತ್ತೆ ತನ್ನ ಅಳತೆಗೆ ಬಂತು.

"ಆ ಕೋಣೇಲಿ ಈಗ ಬಿಸಿಲಿಗೆ ಬಾಡೋರು ಯಾರೂ ಇಲ್ಲ ಸಾರ್. ನೀವೇ ಒಪ್ಪಿಗೇನೂ ಕೊಟ್ಟಿದೀರಿ."

"ಅವನನ್ನ ವಾಪಸ್ ಕರೆಸ್ತೀಯಾ?"

"ಖಂಡಿತಾ ಸಾರ್," ಎಂದ. ಆದರೆ ಅವನು ಯಾವುದಕ್ಕೆ ಹಾಗೆನ್ನುತ್ತಿರಲಿಲ್ಲ?

ನಮಗೆಲ್ಲ ಗೇಟಣ್ಣನ ನೆನಪು ಬಂದದ್ದು ಮರುದಿನ, ಕಂಬದ ಪಕ್ಕ ಬಿಟ್ಟುಹೋದ ಪಾರ್ಸೆಲ್ಲುಗಳು ಮಳೆಯಲ್ಲಿ ನೆನೆದಾಗ. ದರ್ಜಿಯ ಮನೆಯ ಒಂದು ಕೀಲಿ ಒಳಗೇ ಉಳಿದು, ಇನ್ನೊಂದು ಗೇಟಣ್ಣನ ಬಳಿಯಿದ್ದುದರಿಂದ ದರ್ಜಿ ಹೆಂಡತಿ ಮಗುವಿನೊಂದಿಗೆ ಮೆಟ್ಟಿಲ ಮೇಲೆ ಕುಳಿತಿದ್ದ. ಎಲ್ಲರೂ ಅಂಗಳದಲ್ಲಿ ಸೇರಿ ಮಾವನನ್ನು ಬೈದೆವು. ಒಬ್ಬೊಬ್ಬರಿಗೂ ಬೈಯಲು ಬೇರೆಬೇರೆ ಕಾರಣವಿತ್ತು. ಗೇಟಣ್ಣನ ಮನೆ ಎಲ್ಲಿ, ಅಲ್ಲಿ ಒಲೆ ಹೊತ್ತಿತೋ ಇಲ್ಲವೋ ಎಂದು ಕೇಳುವ ಕಾರಣ ಮಾತ್ರ ಯಾರಿಗೂ ಇರಲಿಲ್ಲ.

ನಾಲ್ಕು ಗುರುತಿನ ನಡುವೆ ನಿಂತಿದ್ದ ಹೆಡ್‌ಮಿಸ್ ಪೇಪರು ಮಡಿಸಿದರು. "ಬೆಂಚು ಹೋಯ್ತು, ನಾನು ನಿಂತೆ. ಗೇಟಿನ ಹತ್ರ ಹೋಗಿ ನಿಲ್ಲೋರು ಯಾರಿದೀರಿ ಇಲ್ಲಿ?"

ಅಂಗಳದಲ್ಲಿ ಎಣ್ಣೆಯ ಕಲೆ ಇರಲಿಲ್ಲ. ಆದರೂ ನಾವು ನೆಲ ನೋಡಿದೆವು.

ಮಾವ ವಸತಿ ಇಲಾಖೆಗೆ ಹೋದರು. ಅಧಿಕಾರಿ ಎದ್ದು ಬಂದು ಕೈಕುಲುಕಿದರು. ಬಾಕಿ ದೂರು ಒಂದೂ ಇಲ್ಲದ ಸಮುಚ್ಚಯ ಇಡೀ ಊರಿಗೆ ನಮ್ಮದೊಂದೇ ಎಂದರು. ನಮ್ಮ ಕಂಪನಿಗೆ ಪ್ರಶಂಸೆ ಸಿಕ್ಕಿದೆ, ಬೇರೆ ಕಂಪನಿಗಳಿಗೆ ಅದನ್ನು ಮಾದರಿಯಾಗಿ ತೋರಿಸುತ್ತಿದ್ದೇವೆ ಎಂದರು.

"ಸ್ವಾಮಿ, ಅವರು ದೂರನ್ನ ತೆಗೀತಿಲ್ಲ. ದೂರಿಗೆ ಕಾರಣವಾದದ್ದನ್ನೇ ತೆಗೆದುಬಿಡ್ತಿದಾರೆ."

"ನಿಯಮದಲ್ಲಿ ಇತ್ಯರ್ಥ ಆಗಬೇಕು ಅಂತಿದೆ. ಹೇಗೆ ಅಂತ ಇಲ್ಲ."

"ನಾನು ಕೊಟ್ಟ ಒಪ್ಪಿಗೆ ವಾಪಸ್ ತಗೋತೀನಿ."

"ಅದಕ್ಕೆ ಅವಕಾಶ ಇಲ್ಲ. ವೀಕ್ಷಕರು ನೋಡದೆ ಒಪ್ಪಿಗೆ ಕೊಡ್ತಾರೆ ಅಂತ ನಿಯಮ ಮಾಡಿದವರಿಗೆ ಹೊಳೆದೇ ಇಲ್ಲ."

ಮಾವ ಅವರ ಮುಖವನ್ನು ನೋಡಿದರು. ಅಧಿಕಾರಿಯ ಕನ್ನಡಕ ಮೂಗಿನ ಮೇಲೆ ನೇರವಾಗಿ, ಭದ್ರವಾಗಿ ಕುಳಿತಿತ್ತು. ಅಷ್ಟೂ ದಿನದ ವೀಕ್ಷಣೆಯಲ್ಲಿ ನಿಜಕ್ಕೂ ರಿಪೇರಿಯಾದದ್ದು ಅದೊಂದೇ. ಅಧಿಕಾರಿಗೂ ಅದು ನೆನಪಿತ್ತೋ ಏನೋ. ಫೋನು ಎತ್ತಿ ಖಂಡಿತನೊಂದಿಗೆ ಮಾತಾಡಿದರು. ಗೇಟಣ್ಣ ತಾನಾಗಿ ಬಂದು ಕೇಳಿದರೆ ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಗಟ್ಟಿಯಾಗಿ ಹೇಳಿದರು.

ಮನೆಯಲ್ಲಿ ಅತ್ತೆ ಇಷ್ಟನ್ನೂ ಕೇಳಿ, ಮಾವನ ಕೊರಳಿನ ಬಿಲ್ಲೆ ತೆಗೆದು ಮೊಳೆಗೆ ಹಾಕಿದರು. "ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ಪದ್ಯದಲ್ಲಿ ಬೇಡ, ಮಾತಲ್ಲಿ."

ಮಾವನೂ ನಾನೂ ನನ್ನ ಸ್ಕೂಟರಿನಲ್ಲೇ ಅಲ್ಲಿ ಇಲ್ಲಿ ವಿಚಾರಿಸುತ್ತಾ ಹೋದೆವು. ಗೇಟಣ್ಣ ಸೇತುವೆಯಾಚೆ ಇನ್ನೊಂದು ಸಮುಚ್ಚಯದ ಗೇಟಿನಲ್ಲಿ ಸಿಕ್ಕ. ಅಲ್ಲಿಯ ತಗಡಿನ ಕೋಣೆ ನಮ್ಮದಕ್ಕಿಂತಲೂ ಸಣ್ಣದು. ಇದ್ದ ಒಂದೇ ಸ್ಟೂಲನ್ನು ಮಾವನಿಗೆ ಕೊಟ್ಟು ಅವನು ಹೊಸ್ತಿಲ ಮೇಲೆ ಕುಳಿತ. ಸೊರಗಿದ್ದ. ಮಾವ ದಾರಿಯಲ್ಲಿ ಸಿದ್ಧಪಡಿಸಿದ್ದ ಮಾತೆಲ್ಲ ಮರೆತು, ಗೋಡೆಯನ್ನೂ ಸೂರನ್ನೂ ನೋಡಿದರು.

"ಇಲ್ಲೂ ಫ್ಯಾನ್ ಇಲ್ವಲ್ಲೋ."

"ಇಲ್ಲ."

"ಈ ಕಂಪನಿಯವರನ್ನ ನಾನೊಂದು ಮಾತು..."

ಗೇಟಣ್ಣ ಗಾಬರಿಯಿಂದ ಹಿಂದೆ ಮುಂದೆ ನೋಡಿದ. "ಮೆತ್ತಗೆ ಯಜಮಾನರೇ. ಇಲ್ಲಿ ನನ್ನ ಬಗ್ಗೆ ಕಾಳಜಿ ಇರೋರು ಯಾರೂ ಇಲ್ಲ. ನೆಮ್ಮದಿಯಾಗಿದೀನಿ."

ಮಾವ ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆದು, ಬಿಗಿ ಮಾಡಲು ಏನೂ ಸಿಗದೆ, ಮತ್ತೆ ಜೇಬಿಗಿಟ್ಟರು. "ತಪ್ಪಾಯ್ತು ಗೇಟಣ್ಣ. ನೀನು ಮಲಗ್ತೀಯ ಅಂತ ಬರೆದದ್ದು ದೂರೋದಕ್ಕಲ್ಲ. ಬಿಸಿಲಿಗೆ ಪಾಪ ಕಣ್ಣು ಹತ್ತುತ್ತೆ ಅಂತ..."

"ನಾನು ಯಾವತ್ತು ಮಲಗಿದ್ದೆ?"

"ಕತೆ ಹೇಳುವಾಗ. ದಿನಾ ಕಣ್ಣು ಮುಚ್ತಿದ್ದೆಯಲ್ಲ."

"ಕಣ್ಣು ಬಿಟ್ಟುಕೊಂಡ್ರೆ ಗೇಟು ಕಾಣುತ್ತೆ ಯಜಮಾನರೇ, ಕಾಡು ಕಾಣಲ್ಲ." ಅವನು ಅಂಗಿಯ ತುದಿಯಿಂದ ಕತ್ತು ಒರೆಸಿಕೊಂಡ. "ಅವನು ಮರದಡಿ ಬಿದ್ದಿದ್ದ. ಹಸಿವಾಗಿತ್ತು. ನೀವು ಅರ್ಧಕ್ಕೇ ಎದ್ದು ಹೋದ್ರಿ. ಆಮೇಲೆ ಏನಾಯ್ತು, ಊರಿಗೆ ವಾಪಸ್ ಬಂದ್ನಾ?"

ಮಾವ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ನಾನು ಸ್ಕೂಟರಿನ ಕನ್ನಡಿ ಸರಿಮಾಡುವವನಂತೆ ಆಚೆ ತಿರುಗಿದೆ.

"ಬರ್ತಾನೆ," ಎಂದರು ಮಾವ ಕೊನೆಗೆ. "ಬಹಳ ಕಷ್ಟಪಡ್ತಾನೆ, ಆದ್ರೆ ಬರ್ತಾನೆ. ಊರವರೇ ಹೋಗಿ ಕರಕೊಂಡು ಬರ್ತಾರೆ. ಅಧಿಕಾರಿ ಹೇಳಿದಾರೆ ಕಣೋ, ನೀನು ಬಂದು ಒಂದು ಮಾತು ಕೇಳಿದ್ರೆ ಸಾಕು, ನಿನ್ನ ಕೆಲಸ ನಿನಗೆ. ಹಿಂದೆ ಕೂತ್ಕೋ, ಸ್ಕೂಟರ್ ತಂದಿದೀವಿ. ಹೋಗ್ತಾ ಉಳಿದದ್ದು ಹೇಳ್ತೀನಿ. ನೀನೂ ಬಾ."

ಗೇಟಣ್ಣ ಎದ್ದು ನಿಂತ. ಹೊರಗೆ ಯಾರದೋ ಕಾರು ಹಾರನ್ ಮಾಡಿತ್ತು. ಗೇಟು ತೆರೆದು, ಕಾರು ಹೋಗುವವರೆಗೆ ಕಾದು, ಗೇಟು ಮುಚ್ಚಿ, ಅಗುಳಿ ಹಾಕಿ, ಅಲ್ಲಿಂದಲೇ ಹೇಳಿದ:

"ನಾನು ಬರಲ್ಲ."